ಹೊರಸು ಅಂದ್ರ ಹೊರಸಲ್ಲ

ಗಂಡನ ಹೆಸರು ನನ್ನ ಬಾಯಿಲೆ ಬರೂದಿಲ್ಲ, ಕೇಳಬ್ಯಾಡ್ರಿ. ಮಾನ್ವಿಯೊಳಗ "ಸೊಸೈಟಿ ವೆಂಕೋಬ" ಅಂತ ಮಂದಿ ಕರೀತಿದ್ರಲ್ಲ, ಆ ಮಹಾನುಭಾವರ ಹೆಂಡ್ತಿ ನಾನು, ಗೋಪಮ್ಮ. ಮಂದಿ ಕರಿಯೋದು ಹೇಳಿದೆ ಅಷ್ಟ, ನಾ ಕರ್ದಂಗಲ್ಲ. ನಮ್ಮವರು ಸೊಸೈಟಿಯೊಳಗ ರೇಷನ್ ಸಕ್ಕರಿ ತೂಗ್ತಿದ್ರು, ಸೀಮಿಎಣ್ಣಿ ಅಳೀತಿದ್ರು. ಅದು ಹೊಟ್ಟಿಪಾಡು. ಅವರ ಖರೇ ಉದ್ಯೋಗ ಅಂದ್ರ ಅರ್ಥ ಹೇಳೋದು.

ನಮ್ಮ ಕಡಿ ತತ್ವಪದ ನಿಮಗ ಗೊತ್ತಲ್ಲ. ಅದರಾಗ ಕೋಳಿ ಅಂದ್ರ ಕೋಳಿ ಅಲ್ಲ, ಬಾವಿ ಅಂದ್ರ ಬಾವಿ ಅಲ್ಲ. ಎಲ್ಲಾದಕ್ಕೂ ಒಳಗೊಂದು ಅರ್ಥ ಇರ್ತದ. ಭಜನಿಯೊಳಗ ಹಾಡು ಮುಗೀತಂದ್ರ ಒಬ್ಬ ದೊಡ್ಡ ಮನಷ್ಯ ಕಾಲು ಮಡಚಿ ಕುಂತು, ಗಂಟಲು ಕೆರ್ಕೊಂಡು, "ಈಗ ಇದರ ಒಳಮರ್ಮ ಏನಪಾ ಅಂದ್ರ" ಅಂತ ಶುರು ಮಾಡಬೇಕು. ಮಾನ್ವಿ ಹನುಮಪ್ಪನ ಗುಡಿ ಸೋಮವಾರದ ಭಜನಿಯೊಳಗ ಆ ದೊಡ್ಡ ಮನಷ್ಯಾ ನಮ್ಮವರು. ಗುಡಿಯಾಗ ಮುಗಿಸಿ ಬಂದ್ರ ಸಾಕಾಗ್ತಿತ್ತು, ಮನಿಯಾಗೂ ಬಿಡ್ತಿದ್ದಿಲ್ಲ. "ಸೀರಿ ಹರದದ, ಹೊಸಾದು ತರ್ರಿ" ಅಂತ ನಾ ಅಂದ್ರ, "ಹರಿಯೋದು ಸೀರಿ ಅಲ್ಲಬೇ, ದೇಹ" ಅಂತಿದ್ರು. "ದೇಹಕ್ಕ ತರಬ್ಯಾಡ್ರಿ, ನನಗ ತರ್ರಿ" ಅಂತಿದ್ದೆ. ಸೀರಿ ಬರ್ತಿದ್ದಿಲ್ಲ, ಅರ್ಥ ಬರ್ತಿತ್ತು.

ಅವರ ಹೆಸರು ಮ್ಯಾಲಕ್ಕ ಬಂದಿದ್ದು ಒಂದು ಹಾಡಿನಿಂದ. ಆ ಹಾಡು ಅವರಿಗೆ ಸಿಕ್ಕಿದ್ದು ಹುಟ್ಟಿದೂರು ದೇವದುರ್ಗದಾಗ. ಸಣ್ಣಾವರಿದ್ದಾಗ ಬಾಜು ಸಾಬರ ಮನಿಯಾಗ ಮದಿವಿ ಇತ್ತಂತ. ಗಂಡಸರು ಹೊರಗ ಚಪ್ಪರದಾಗ, ಹೆಂಗಸರು ಒಳಗ. ಇವರು ಇನ್ನೂ ಚಡ್ಡಿ ಹಾಕದ ವಯಸ್ಸಿನವರು, ಗಂಡಸರ ಲೆಕ್ಕಕ್ಕ ಬರ್ತಿದ್ದಿಲ್ಲ, ಹಂಗಾಗಿ ಹೆಂಗಸರ ನಡುವ ಬಿಟ್ಟಿದ್ರು. ಅಲ್ಲಿ ಒಂದು ಕೋಣಿ ಬಾಗಿಲ ಮುಂದ ಮುದುಕೇರೆಲ್ಲಾ ಕುಂತು, ಢೋಲಕ್ ಬಡ್ಕೊಂತ, ಸೆರಗಿಲೆ ಕಣ್ಣೀರು ಒರಸ್ಕೊಂತ ಹಾಡಾಕತ್ತಿದ್ರಂತ. ಆ ಕಣ್ಣೀರು ನೋಡಿ, ಇದು ಭಾರಿ ಭಕ್ತಿ ಹಾಡು ಅಂತ ಇವರ ತಲಿಯೊಳಗ ಕುಂತುಬಿಟ್ತು. ಒಂದ ನುಡಿ ನೆನಪುಳದಿತ್ತು. ಆ ಒಂದ ನುಡಿ ಮ್ಯಾಲ ಅರ್ಧ ಜನ್ಮ ತೆಗದ್ರು.

"ಹಲ್ಲೂ ರೇ ದುಲ್ಹೇ ಹಲ್ಲೂ ರೇ,
ಖಾಟ್ ಪುರಾನೀ ಹಲ್ಲೂ ರೇ,
ಸಾಸ್ ಕೀ ನೀಂದ್ ಬಡೀ ಕಚ್ಚೀ,
ದಿವ್ವಾ ಬುಝಾ, ಹಲ್ಲೂ ರೇ."

ಸಾಬರ ಮಾತು ನಮ್ಮೂರಾಗ ಎಲ್ಲಾರಿಗೂ ಅಷ್ಟಿಷ್ಟು ತಿಳೀತದ. ಸಾವಕಾಶ ಮದುಮಗನ ಸಾವಕಾಶ, ಹೊರಸು, ಅಂದ್ರ ಹಗ್ಗದ ಮಂಚ, ಹಳೇದು ಸಾವಕಾಶ, ಅತ್ತಿ ನಿದ್ದಿ ಭಾಳ ಹಗುರ, ದೀಪ ಆರಸು, ಸಾವಕಾಶ. ಇಷ್ಟ. ಇಷ್ಟು ಸರಳ ಮಾತು ಅಂದ ಮ್ಯಾಲ ಒಳಗ ಭಾರಿ ತತ್ವ ಇರಾಕ ಬೇಕು ಅಂತ ಭಜನಿ ಮಂದಿ ಎಲ್ಲಾ ಒಪ್ಪಿದ್ರು. ನಾನೂ ಒಪ್ಪಿದ್ದೆ, ಸುಳ್ಳ್ಯಾಕ ಹೇಳ್ಲಿ.

ನಮ್ಮವರು ಅರ್ಥ ಹೇಳೋದು ನೋಡಬೇಕಿತ್ತು. "ಹೊರಸು ಅಂದ್ರ ಹೊರಸಲ್ರೀ, ಈ ದೇಹ. ಹಗ್ಗ ಅಂದ್ರ ನರ. ಹಳೇದಾಗ್ಯಾದ, ಯಾವಾಗ ಹರೀತದ ಗೊತ್ತಿಲ್ಲ. ಮದುಮಗ ಅಂದ್ರ ಜೀವಾತ್ಮ. ಅತ್ತಿ ಅಂದ್ರ ಮಾಯಿ, ಮಲಗಿದಂಗ ಮಾಡ್ತಾಳ, ಮಲಗಿರೂದಿಲ್ಲ. ದೀಪ ಅಂದ್ರ ಅಹಂಕಾರ. ಅದನ್ನ ಆರಸು, ಆದ್ರ ಅವಸರ ಮಾಡಬ್ಯಾಡ, ಸಾಧನಿ ಸಾವಕಾಶ ಆಗಬೇಕು!" ಮಂದಿ ತಲಿ ಅಲ್ಲಾಡಸ್ತಿದ್ರು. ಒಬ್ಬೊಬ್ಬರು ಅಳ್ತಿದ್ರು.

ಸೊಸೈಟಿಯೊಳಗಂತೂ ಕೇಳಬ್ಯಾಡ್ರಿ. ಸೀಮಿಎಣ್ಣಿ ಸಾಲಿನ್ಯಾಗ ನಿಂತವರು ಎಲ್ಲಿ ಹೋಗ್ತಾರ? ಡಬ್ಬಿ ಹಿಡ್ಕೊಂಡು ಹಾಡು ಕೇಳಬೇಕು, ಅರ್ಥ ಕೇಳಬೇಕು, ಆಮ್ಯಾಲ ಎಣ್ಣಿ. ಸಾಬರ ಓಣಿ ಹೆಣ್ಣುಮಕ್ಕಳು ಬಂದ್ರಂದ್ರ ನಮ್ಮವರಿಗೆ ಎಲ್ಲಿಲ್ಲದ ಹುರುಪು. ಇವರು ಹಾಡಾಕ ಹತ್ತಿದ ಕೂಡ್ಲೆ ಆ ಹೆಣ್ಣುಮಕ್ಕಳು ಮಾರಿ ಮುಚ್ಕೊಂತಿದ್ರು, ಬುರ್ಖಾದೊಳಗ ಭುಜ ಕುಣೀತಿದ್ವು. "ನೋಡಬೇ, ಆ ತಾಯಂದಿರಿಗೆ ಹೆಂಗ ಭಕ್ತಿ ಉಕ್ಕಿ ಬರ್ತದ!" ಅಂತ ಮನಿಗೆ ಬಂದು ನನಗ ಹೇಳ್ತಿದ್ರು. ಭಕ್ತಿ ಉಕ್ಕಿದವರಿಗೆ ಎಣ್ಣಿ ಅಳತಿ ತುಂಬಿ ಚೆಲ್ಲೋವಷ್ಟು ಹಾಕ್ತಿದ್ರು. ಹಂಗಾಗಿ ಭಕ್ತರ ಸಂಖ್ಯೆ ಬೆಳೀತು.

ಇಷ್ಟಕ್ಕ ನಿಂತಿದ್ರ ನಾ ಈ ಕಥಿ ಹೇಳ್ತಿದ್ದಿಲ್ಲ. ನಡುವ ನನ್ನ ಮಗಳು ಬಂದ್ಳು.

ನನ್ನ ಮಗಳು ತಾಯಮ್ಮ. ಕೆಲಸದಾಕಿ, ಮಾತಿನಾಕಿ, ಬಣ್ಣ ಮಾತ್ರ ನನ್ನದು. ವರಗಳು ಬರ್ತಿದ್ವು, ಉಪ್ಪಿಟ್ಟು ತಿಂತಿದ್ವು, "ಹೇಳಿ ಕಳಸ್ತೀವಿ" ಅಂತ ಬಾಯಿ ಒರಸ್ಕೊಂಡು ಹೋಗ್ತಿದ್ವು. ಎಂಬತ್ತನೇ ಇಸವಿ ಬ್ಯಾಸಗಿ ಬರೂದ್ರಾಗ ನನಗ ರವಾ ಹುರಿಯೋದು ಅಂದ್ರ ಕಣ್ಣೀರು ಬರೋವಂಗ ಆಗಿತ್ತು. ಅಂಥಾದ್ರಾಗ ಸಿರವಾರದ ಗದ್ದೆಪ್ಪ ನಮ್ಮೂರ ಭಜನಿಗೆ ಬಂದ್ರು.

ಗದ್ದೆಪ್ಪ ಅಂದ್ರ ಭತ್ತದ ವ್ಯಾಪಾರಸ್ಥರು, ದೊಡ್ಡ ಕುಳ. ಮೂಗಿನ ತುದಿ ಮ್ಯಾಲ ಸಿಟ್ಟು, ಹಣಿ ತುಂಬ ವಿಭೂತಿ. ಸಿನಿಮಾ ಹಾಡು ಕಿವಿಗೆ ಬೀಳಬಾರದಂತ ಮನಿಯಾಗ ರೇಡಿಯೋ ಸೈತ ಇಟ್ಟಿದ್ದಿಲ್ಲ. ಅಂಥಾ ಮನಷ್ಯಾ ನಮ್ಮವರ ಹಾಡು ಕೇಳಿ, ಅರ್ಥ ಕೇಳಿ, ಕಣ್ಣಾಗ ನೀರು ತಂದು, ಗುಡಿ ಕಟ್ಟಿ ಮ್ಯಾಲಿಂದ ನೆಟ್ಟಗ ನಮ್ಮ ಮನಿಗೆ ಬಂದು ಕುಂತುಬಿಟ್ರು.

"ವೆಂಕೋಬಪ್ಪ, ನಿಮ್ಮ ಮಗಳನ್ನ ನನ್ನ ಮಗ ಸೂಗಪ್ಪಗ ಕೊಡ್ರಿ. ಸಾಲಿ ಮಾಸ್ತರ ಅದಾನ. ನನಗ ಬಂಗಾರ ಬ್ಯಾಡ, ವರದಕ್ಷಿಣಿ ಬ್ಯಾಡ. ಇಂಥಾ ಸಂಸ್ಕಾರದ ಮನಿ ಹೆಣ್ಣು ಬೇಕು" ಅಂದ್ರು.

ನಮ್ಮವರು ಬಾಯಿ ತೆಗಿಯೋದ್ರಾಗ ನಾ ಬಾಗಿಲ ಮರಿಯಿಂದ "ಆತ್ರೀ" ಅಂದೆ.

ಹುಡುಗ ಬಂದ, ನೋಡಿದ. ಉಪ್ಪಿಟ್ಟು ತಿಂದು "ಇನ್ನೊಂದು ಸ್ವಲ್ಪ ಹಾಕ್ರಿ" ಅಂದ. ತಾಯಮ್ಮ ಅಡಿಗಿಮನಿಗೆ ಬಂದು ನನ್ನ ಸೆರಗು ಹಿಡದು, "ಯವ್ವಾ, ಇವರ ಆಗ್ಲಿ" ಅಂದ್ಳು. ಹುಟ್ಟಿದಾಗಿಂದ ನನ್ನ ಕೂಡ ವಾದ ಹಾಕಿದ ಹುಡುಗಿ ಅಷ್ಟು ಮೆತ್ತಗ ಮಾತಾಡಿದ್ದು ಅದ ಮೊದಲು. ಏನರ ಆಗ್ಲಿ, ಈ ಸಂಬಂಧ ಕೈಬಿಡೂದಿಲ್ಲ ಅಂತ ನಾ ಅವತ್ತ ಗಟ್ಟಿ ಮಾಡ್ಕೊಂಡೆ.

ಗದ್ದೆಪ್ಪನವರದು ಎರಡ ಮಾತು. ಒಂದು, ನಿಶ್ಚಯದ ದಿನ ನಮ್ಮವರು ಬೀಗರೆಲ್ಲರ ಮುಂದ ಆ ಹಾಡು ಹಾಡಿ ಅರ್ಥ ಹೇಳಬೇಕು, ಒಂದು ನುಡಿ ಅಲ್ಲ, ಪೂರಾ. ಎರಡು, ಲಗ್ನಪತ್ರಿಕಿ ತುದಿಗೆ ಆ ಹಾಡಿನ ಮೊದಲನೇ ಸಾಲು ಹಾಕಸಬೇಕು. "ರಾಯಚೂರಾಗ ಪ್ರೆಸ್ಸಿನವರಿಗೆ ಹೇಳಿ ಬಂದೀನಿ. ಕೆಂಪಕ್ಷರದಾಗ, ದೇವರ ಚಿತ್ರದ ಕೆಳಗ!" ಅಂದ್ರು.

ಪೂರಾ ಹಾಡು ಎಲ್ಲಿಂದ ತರೋದು? ನಮ್ಮವರು ಮೋಡ ನೋಡ್ಕೊಂತ ಕುಂತ್ರು. ನಾ ಬಾಜುಮನಿ ಕುಬ್ರಾ ಬೇಗಂ ಕಡಿ ಹೋದೆ. ಆಕಿ ಗಂಡ ಅಮೀರ್ ಸಾಬ್ ಸೈಕಲ್ ಅಂಗಡಿಯವರು, ಅತ್ತಿ ಹೀರಾಬಿ ದೊಡ್ಡ ವಯಸ್ಸಿನಾಕಿ, ಕಿವಿ ಮಂದ. ನಮ್ಮಿಬ್ಬರ ಮನಿಗೆ ಒಂದ ಗ್ವಾಡಿ. ಕುಬ್ರಾ ಮೆಣಸಿನಕಾಯಿ ತೊಟ್ಟು ಮುರೀತಿದ್ಳು.

"ಕುಬ್ರಾ, ನಮ್ಮವರು ಹಾಡ್ತಾರಲ್ಲ, ಆ ಭಕ್ತಿ ಹಾಡು, ಅದರ ಉಳಿದ ನುಡಿ ನಿಂಗ ಬರ್ತಾವೇನು?" ಅಂದೆ.

ಕುಬ್ರಾ ನನ್ನ ಮಾರಿ ನೋಡಿದ್ಳು. ಕೈಯಾಗಿನ ಮೆಣಸಿನಕಾಯಿ ಕೆಳಗ ಬಿತ್ತು. ಆಮ್ಯಾಲ ಆಕಿ ನಕ್ಕಳು ನೋಡ್ರಿ, ಗ್ವಾಡಿಗೆ ಒರಗಿ, ನೆಲಕ್ಕ ಕುಸದು, ಖಾರದ ಕೈಲೆ ಕಣ್ಣು ಒರಸ್ಕೊಂಡು, ಉರಿ ಹತ್ತಿ ಚೀರಿ, ಚೀರ್ಕೊಂತ ಮತ್ತ ನಕ್ಕಳು. ನಾ ಆಕಿ ಕಣ್ಣಿಗೆ ನೀರು ಗೊಜ್ಜಿದೆ.

"ಗೋಪಕ್ಕಾ, ಯಾವ ಭಕ್ತಿನ ಯವ್ವಾ! ಮದುಮಕ್ಕಳನ್ನ ಮೊದಲನೇ ಸಲ ಕೋಣಿಯೊಳಗ ಬಿಟ್ಟು ಬಾಗಿಲ ಹಾಕ್ತಾರಲ್ಲ, ಆವಾಗ ಹೊರಗ ಹೆಂಗಸರು ಕುಂತು ಕಾಡಸಾಕ ಹಾಡೋ ಹಾಡು ಅದು. ಗಂಡಸರ ಕಿವಿಗೆ ಬೀಳಂಗಿಲ್ಲ!"

"ಮತ್ತ ಹೊರಸು?"

"ಹೊರಸು ಅಂದ್ರ ಹೊರಸು ಗೋಪಕ್ಕ."

"ಅತ್ತಿ? ಮಾಯಿ ಅಲ್ಲೇನು?"

"ಅತ್ತಿ ಅಂದ್ರ ಅತ್ತಿ. ಬಾಜು ಕೋಣಿಯಾಗ ಮಲಗಿರ್ತಾಳ, ನಿದ್ದಿ ಬಂದಿರೂದಿಲ್ಲ."

ನಾ ಅಲ್ಲೇ ಕುಂತೆ. ಗುಡಿಯೊಳಗ, ಹನುಮಪ್ಪನ ಮುಂದ! ಬ್ರಹ್ಮಚಾರಿ ದೇವ್ರು ಅಂವ! ಎಷ್ಟು ಸೋಮವಾರ ಕೇಳಿದನೋ ಪಾಪ.

"ಇಷ್ಟು ವರ್ಷ ನನಗ ಯಾಕ ಹೇಳಲಿಲ್ಲಬೇ?" ಅಂತ ಜಗಳಕ್ಕ ಬಿದ್ದೆ.

"ಹೆಂಗ ಹೇಳ್ಲಿ? ಅಣ್ಣ ಎಷ್ಟು ಮನಸ್ಸಿಟ್ಟು ಹಾಡ್ತಾರ! ಸೋಮವಾರ ಸಂಜಿ ನಮ್ಮ ಓಣಿ ಹೆಣ್ಣುಮಕ್ಕಳೆಲ್ಲಾ ಗುಡಿ ಹಿಂದಿನ ಗ್ವಾಡಿಗೆ ಚಾ ತೊಗೊಂಡು ಬಂದು ಕುಂದ್ರತೀವಿ. ಅಣ್ಣ ಅರ್ಥ ಹೇಳೋದು ತಪ್ಪಿಸಿದ್ರ ವಾರ ಪೂರಾ ಬ್ಯಾಸರ ಆಗ್ತದ" ಅಂದ್ಳು. ಹಂಗಂದಾಕಿ, ಉಳಿದ ನುಡಿ ನನ್ನ ಕಿವಿಯೊಳಗ ಹೇಳಿದ್ಳು. ಕೇಳಿ ನನ್ನ ಕಿವಿ ಬಿಸಿ ಆದ್ವು. ಮೂರನೇ ನುಡಿಗೆ ನಾನೂ ಸೆರಗು ಬಾಯಿಗೆ ಇಟ್ಕೊಂಡೆ. ಅದನ್ನ ಇಲ್ಲಿ ಹೇಳೂದಿಲ್ಲ, ಗಂಡಸರೂ ಓದ್ತೀರಿ.

ಮನಿಗೆ ಬಂದು ನಮ್ಮವರಿಗೆ ಹೇಳಿದೆ. ಅವರಿಗೆ ಸಿಟ್ಟು ನೆತ್ತಿಗೇರ್ತು.

"ಕುಬ್ರಾಗ ಏನು ತಿಳೀತದ? ಮ್ಯಾಲಿನ ಅರ್ಥ ಹಿಡ್ಕೊಂಡಾಳ. ನಾ ಒಳಗಿಂದು ಹೇಳಾಕತ್ತೀನಿ."

"ರೀ, ಒಳಗಿನ ಸುದ್ದಿನ ಹೇಳ್ತದರೀ ಆ ಹಾಡು! ಕೋಣಿ ಒಳಗಿಂದು!"

ಕೇಳಲಿಲ್ಲ. ಗಂಡಸಿನ ಮಾತಾದ್ರ ನಂಬತೀನಿ ಅಂತ ಅಮೀರ್ ಸಾಬರ ಸೈಕಲ್ ಅಂಗಡಿಗೆ ಹೋದ್ರು. ನಾನೂ ಬೆನ್ನ ಹತ್ತಿದೆ. ಈಗ ತಮಾಷಿ ನೋಡ್ರಿ. ಅದು ಹೆಂಗಸರ ಹಾಡು, ಗಂಡಸರು ಕೇಳಂಗಿಲ್ಲ. ಅಮೀರ್ ಸಾಬ್ ಮರ್ಯಾದಸ್ಥ ಮನಷ್ಯಾ, ತನ್ನ ಜನ್ಮದಾಗ ಯಾವ ಬಾಗಿಲಿಗೂ ಕಿವಿ ಕೊಟ್ಟವರಲ್ಲ. ಹಂಗಾಗಿ ಆ ಹಾಡು ಅವರು ಕೇಳಿದ್ದು ನಮ್ಮವರ ಬಾಯಿಂದ ಮಾತ್ರ!

"ವೆಂಕೋಬಣ್ಣ, ನಮ್ಮ ಮಂದಿಯೊಳಗ ಇಂಥಾ ದೊಡ್ಡ ತತ್ವ ಅದ ಅಂತ ನೀವು ಹೇಳಿದ ಮ್ಯಾಲ ನನಗ ಗೊತ್ತಾತು. ರಾಯಚೂರಾಗ ನಮ್ಮ ಬೀಗರ ಮುಂದ ನಾನೂ ಅರ್ಥ ಹೇಳಿ ಬಂದೀನಿ. ಎಲ್ಲಾರೂ ಸುಮ್ಮಕಾದ್ರು" ಅಂದ್ರು ಅಮೀರ್ ಸಾಬ್, ಟ್ಯೂಬ್ ನೀರಾಗ ಅದ್ದಿ ಗುಳ್ಳಿ ನೋಡ್ಕೊಂತ.

ಯಾಕ ಸುಮ್ಮಕಾಗಿದ್ರು ಅಂತ ನನಗ ತಿಳೀತು. ನಮ್ಮವರು ಮಾತ್ರ ಗೆದ್ದ ಪೈಲ್ವಾನರಂಗ ನನ್ನ ಕಡಿ ನೋಡಿದ್ರು. "ಕೇಳಿದ್ಯಾ? ಅವರ ಹಾಡು, ಅವರ ಹೇಳಾಕತ್ತಾರ!"

ಉಳಿದಿದ್ದು ಒಂದ ದಾರಿ. ನಿಶ್ಚಯದ ಹೊತ್ತಿಗೆ ಅವರ ಧ್ವನಿ ಕೆಡಸಬೇಕು. ಹುಣಸಿಹಣ್ಣು ಸುರದು ಸಾರು ಮಾಡಿದೆ, ಹುರದ ಶೇಂಗಾ ತಿನಿಸಿ ಮ್ಯಾಲ ಮಣ್ಣಿನ ಹರವಿ ತಣ್ಣೀರು ಕುಡಿಸಿದೆ. ಮಗಳ ಮದಿವಿ ಬಂತಂತ ಹೆಂಡ್ತಿಗೆ ಪ್ರೀತಿ ಹೆಚ್ಚಾಗ್ಯಾದ ಅಂತ ಖುಷಿಲೆ ತಿಂದ್ರು, ಕುಡುದ್ರು. ಧ್ವನಿ ಕೂತಿದ್ದು ಖರೆ. ಆದ್ರ ಕೂತ ಮ್ಯಾಲ ಇನ್ನೂ ಗಂಭೀರ ಆತು, ಸ್ವಾಮಿಗಳು ಮಾತಾಡಿದಂಗ. ನನ್ನ ಶೇಂಗಾ ದಂಡ ಆತು.

ನಿಶ್ಚಯದ ದಿನ ಸಿರವಾರದಿಂದ ಟ್ರ್ಯಾಕ್ಟರ್ ತುಂಬ ಬೀಗರು ಬಂದ್ರು. ಗದ್ದೆಪ್ಪನವರ ತಾಯಿ ಹಣಮಮ್ಮ ಸೈತ ಬಂದಿದ್ರು. ಆ ಮುದುಕಿ ಮಾತ ಕಡಿಮಿ. ಗಂಡ ತೀರಿಕೊಂಡಾಗಿಂದ ನಕ್ಕಿದ್ದು ಯಾರೂ ನೋಡಿಲ್ಲಂತ, ಮನಿ ಮಂದಿಯೆಲ್ಲಾ ಅಂಜತಾರಂತ. ಗಂಡಸರು ಪಡಸಾಲಿಯಾಗ ಕುಂತ್ರು, ಹೆಂಗಸರು ನಡುಮನಿಯಾಗ. ಕುಬ್ರಾ ಬಂದಿದ್ಳು, ಬಾಗಿಲ ಬದಿಗೆ ಹೀರಾಬಿನ್ನ ಕುಂದ್ರಿಸಿದ್ಳು. ನಾ ಕುಬ್ರಾನ ಕೈ ಹಿಡದು, "ಹೀರಾಬಿಗೆ ಹಾಡು ಕೇಳಸಬಾರದು" ಅಂದೆ. "ಕಿವಿ ಇಲ್ಲಲ್ಲ ಅಕ್ಕ, ಅಂಜಬ್ಯಾಡ" ಅಂದ್ಳು ಆಕಿ.

ತಾಯಮ್ಮ ಹಸರು ಸೀರಿ ಉಟ್ಟು ತಲಿ ತಗ್ಗಿಸಿ ಕುಂತಿದ್ಳು. ಉಡಿ ತುಂಬಾಕ ಅಕ್ಕಿ, ಕುಬಸ, ಕೊಬ್ಬರಿ, ಸಕ್ಕರಿ ತಟ್ಟಿಯಾಗ ತಯಾರಿತ್ತು. "ಮೊದ್ಲ ಹಾಡು, ಆಮ್ಯಾಲ ಉಡಿ" ಅಂದ್ರು ಗದ್ದೆಪ್ಪ. ಆ ಉಡಿ ಒಂದು ತುಂಬಿಬಿಟ್ರ ಬೇಕಾದ್ದಾಗ್ಲಿ ಅಂತಿದ್ದೆ, ಅದಕೂ ಕಲ್ಲು ಬಿತ್ತು.

ನಮ್ಮವರು ಕಣ್ಣು ಮುಚ್ಚಿ, ಗೊತ್ತಿದ್ದ ಒಂದ ನುಡಿನ ತಿರುತಿರುಗಿಸಿ ಹಾಡಿದ್ರು. ಏನು ಹೇಳಲಿ, ಸುಮ್ಮಸುಮ್ಮನ ಬೈಬಾರದು, ಚಂದ ಹಾಡಿದ್ರು. ಸಿರವಾರದ ಭಜನಿ ಮಂದಿ ಕೈ ಮುಗದ್ರು. ಅಷ್ಟ್ರಾಗ ಬಾಗಿಲ ಕಡಿಯಿಂದ ಟಪಾರ್ ಅಂತ ತೊಡಿ ಬಡದ ಸಪ್ಪಳ ಕೇಳಿಸ್ತು. ಬ್ಯಾರೆ ಏನೂ ಕೇಳದ ಹೀರಾಬಿಗೆ ಆ ಹಾಡು ಮಾತ್ರ ಕೇಳಿತ್ತು.

"ಅರೇ ವೆಂಕೋಬಾ! ಯೇ ಔರತಾಂ ಕಾ ಗಾನಾ ಹೈ ರೇ!" ಅಂತ ಕೂಗಿದ್ಳು ಮುದುಕಿ. ಸಾಬರ ಮಾತು ಬರದವರಿಗೆ ಅನ್ಯಾಯ ಆಗಬಾರದಂತ ಕನ್ನಡದಾಗೂ ಕೂಗಿದ್ಳು. "ಇದು ಹೆಂಗಸರ ಹಾಡೋ! ಮದುಮಕ್ಕಳು ಕೋಣಿ ಒಳಗ ಹೋದ ಮ್ಯಾಲ ಬಾಗಿಲ ಹೊರಗ ಕುಂತು ಹಾಡೋದು! ಇನ್ನೂ ಉಡಿ ತುಂಬಿಲ್ಲ, ಈಗ್ಲೇ ದೀಪ ಆರಸಾಕ ಹತ್ತೀಯಲ್ಲೋ!"

ಕಿವಿ ಮಂದ ಇದ್ದವರ ಧ್ವನಿ ನಿಮಗ ಗೊತ್ತಲ್ಲ. ಮೂರು ಮನಿ ಆಚಿಗೆ ಕೇಳ್ತು.

ಗದ್ದೆಪ್ಪನವರ ಮಾರಿ ನೋಡಾಕ ಆಗ್ಲಿಲ್ಲ. "ಏನಂತ ಇದು? ಹೊರಸು ಅಂದ್ರ ದೇಹ ಅಲ್ಲೇನ್ರೀ ವೆಂಕೋಬಪ್ಪ?" ಅಂದ್ರು. ನಮ್ಮವರು ಗಂಟಲು ಕೆರ್ಕೊಂಡ್ರು. ಅಮೀರ್ ಸಾಬರ ಕಡಿ ನೋಡಿದ್ರು. ಅಮೀರ್ ಸಾಬರಿಗೆ ರಾಯಚೂರ ಬೀಗರು ಯಾಕ ಸುಮ್ಮಕಾದ್ರು ಅಂತ ಆ ಹೊತ್ತಿನ್ಯಾಗ ತಿಳದಿತ್ತು, ಮಾಳಿಗಿ ತೊಲಿ ಎಣಿಸಾಕ ಹತ್ತಿದ್ರು.

ಎಲ್ಲಾರೂ ನೆಲ ನೋಡಿದ್ರ ಯಾರರ ಒಬ್ಬರು ಮಾತಾಡ್ಲೇಬೇಕಲ್ಲ. ನಾ ನಡುಮನಿಯಿಂದ ಪಡಸಾಲಿಗೆ ಬಂದೆ. ಗಂಡಸರ ನಡುವ ನಿಂತೆ.

"ಹೊರಸು ಅಂದ್ರ ಹೊರಸರೀ ಬೀಗರ. ಅತ್ತಿ ಅಂದ್ರ ಅತ್ತಿ. ನಮ್ಮವರಿಗೆ ಗೊತ್ತಿದ್ದಿಲ್ಲ, ನನಗ ಮೊನ್ನಿ ಗೊತ್ತಾತು. ಹಾಡು ತಪ್ಪಿದ್ದು ನಮ್ಮದು, ಹುಡುಗಿದೇನೂ ತಪ್ಪಿಲ್ಲ. ಆಕಿ ಉಡಿ ತುಂಬ್ರಿ, ಕೈ ಮುಗೀತೀನಿ" ಅಂದೆ. ಅಂದವಳಿಗೆ ಅಳು ಬಂತು, ಅತ್ತೆ.

ಗದ್ದೆಪ್ಪ ಹೆಗಲ ಮ್ಯಾಲಿನ ಟವೆಲ್ ಝಾಡಿಸಿ ಎದ್ರು. "ಏಳ್ರಿ ಎಲ್ಲಾರೂ! ರೇಡಿಯೋ ಇಡದ ಮನಿ ನಮ್ಮದು. ಇಂಥಾ ಹಾಡಿಗೆ ನಾ ಕಣ್ಣೀರು ಹಾಕಿದ್ನಲ್ಲ! ಈ ಸಂಬಂಧ ಬ್ಯಾಡ!"

ಬೀಗರು ಚಪ್ಪಲಿ ಹುಡುಕಾಕ ಹತ್ತಿದ್ರು. ಸೂಗಪ್ಪ ಮಾತ್ರ ಏಳಲಿಲ್ಲ, ಅಪ್ಪನ ಮಾರಿ ನೋಡ್ಕೊಂತ ಚಾಪಿ ಗಟ್ಟಿ ಹಿಡ್ಕೊಂಡ. ಒಳಗ ತಾಯಮ್ಮನ ಕೈಬಳಿ ಸಪ್ಪಳ ಕೇಳಿದೆ, ಕಣ್ಣು ಒರಸ್ಕೊಳ್ಳಾಕತ್ತಿದ್ಳು.

"ಕುಂದ್ರಲೇ ಗದ್ದೆಪ್ಪ."

ಹಣಮಮ್ಮನ ಧ್ವನಿ. ಎಲ್ಲಾರೂ ತಿರುಗಿ ನೋಡಿದ್ರು. ಮುದುಕಿ ಸೆರಗು ಬಾಯಿಗೆ ಹಿಡದಿದ್ಳು, ಮೈಯೆಲ್ಲಾ ಕುಣಿಯಾಕತ್ತಿತ್ತು. ಅಳಾಕತ್ತಾಳ ಅಂತ ಗದ್ದೆಪ್ಪ ಓಡಿ ಹೋದ್ರು. ಆಕಿ ಸೆರಗು ತೆಗದ್ಳು. ಬೊಚ್ಚ ಬಾಯಿ ತುಂಬ ನಗು.

"ಯವ್ವಾ, ಆ ಹಾಡು ಏನಂದ್ರ..."

"ಏನಂತ ನಂಗ ತಿಳಸ್ತೀಯೇನಲೇ? ನೀ ಹುಟ್ಟಿದ್ದು ಭಜನಿಯೊಳಗ ಅಲ್ಲ" ಅಂದ್ಳು ಹಣಮಮ್ಮ. "ಬಾಗಲವಾಡದಾಗ ನನ್ನ ಮದಿವಿಯಾಗ ನಮ್ಮ ಸೋದರತ್ತಿ ಹಾಡಿದ್ದು ಇದಕಿಂತ ಜೋರಿತ್ತು. ನಿಮ್ಮಪ್ಪ ನಾಚಿ ಹೊರಸಿನ ಕೆಳಗ ಹೊಕ್ಕಿದ್ದ, ಕಾಲು ಹಿಡದು ಜಗ್ಗಿದ್ವಿ. ಆ ಮನಷ್ಯಾ ಹೋದ ಮ್ಯಾಲ ನಮ್ಮ ಮನಿಯಾಗ ಬರೇ ತಾಳದ ಸಪ್ಪಳ, ಬರೇ ಅರ್ಥ. ಅರ್ಥ ಕೇಳಿ ಕೇಳಿ ನನ್ನ ಹಲ್ಲು ಉದುರಿದ್ವು. ಇವತ್ತ ನಕ್ಕೀನಿ. ಈ ನಗೋ ಮನಿ ಹುಡುಗಿ ನಂಗ ಬೇಕು. ಆಕಿ ನನ್ನ ಮನಿಗೆ ಬರ್ಲಿಲ್ಲ ಅಂದ್ರ ನಾನೂ ಬರೂದಿಲ್ಲ, ಇಲ್ಲೇ ಹೀರಾಬಿ ಕೂಡ ಇರ್ತೀನಿ!"

ಗದ್ದೆಪ್ಪ ನಿಂತಲ್ಲೇ ಕುಂತ್ರು. ಕುಂತಿದ್ದು ಉಪ್ಪಿಟ್ಟಿನ ತಾಟಿನ ಮ್ಯಾಲ, ಅದೂ ತಿಳೀಲಿಲ್ಲ ಅವರಿಗೆ.

ಹೀರಾಬಿಗೆ ಏನು ನಡದದ ಅಂತ ಪೂರಾ ತಿಳದಿದ್ದಿಲ್ಲ. ತನ್ನ ಹಾಡು ಅರ್ಧಕ್ಕ ನಿಂತದ ಅನ್ನೋದೊಂದ ಆಕಿ ಚಿಂತಿ. ಕೋಲು ಹಿಡದು ಎದ್ದು, "ಗಂಡಸರು ಹೊರಗ ನಡೀರಿ! ಪೂರಾ ಹಾಡಬೇಕು, ಅರ್ಧ ಬಿಟ್ರ ಶಕುನ ಆಗೂದಿಲ್ಲ!" ಅಂದ್ಳು. ಹಣಮಮ್ಮ "ಹೌದು, ನಡೀರಿ" ಅಂದ್ಳು. ಇಬ್ಬರು ಮುದುಕೇರು ಒಂದಾದ ಮ್ಯಾಲ ಯಾರ ಆಟ ನಡೀತದ? ನಮ್ಮವರು, ಗದ್ದೆಪ್ಪ, ಅಮೀರ್ ಸಾಬ್, ಮದುಮಗ, ಸಿರವಾರದ ಭಜನಿ ಮಂದಿ, ಎಲ್ಲಾರನ್ನೂ ಉರಿ ಬಿಸಲಾಗ ಓಣಿಗೆ ದಬ್ಬಿ ನಾ ಒಳಗಿಂದ ಅಗಳಿ ಹಾಕಿದೆ.

ಓಣಿಯೊಳಗ ನಡದದ್ದು ಅಮೀರ್ ಸಾಬ್ ಆಮ್ಯಾಲ ಹೇಳಿದ್ರು. ಅತ್ತಲಿಂದ ನಮ್ಮವರ ಸೊಸೈಟಿಯ ಹನುಮಂತ್ರಾಯ ಬಂದ್ನಂತ. "ಏನ್ರೀ, ಬಿಸಲಾಗ ನಿಂತೀರಿ?"

"ನಿಶ್ಚಯ ನಡದದ" ಅಂದ್ರಂತ ಗದ್ದೆಪ್ಪ.

"ಯಾರದು?"

"ನನ್ನ ಮಗಂದು."

"ಮಗ ಎಲ್ಲಿ?"

"ಇಲ್ಲೇ ನಿಂತಾನಲ್ಲ."

ಹನುಮಂತ್ರಾಯ ಎಲ್ಲಾರನ್ನೂ ಒಂದು ಸಲ ನೋಡಿ, ಸೊಸೈಟಿಗೆ ರಜಾ ಹಾಕಿ, ತಾನೂ ನಿಂತನಂತ.

ಒಳಗ ನಾವು ಹಾಡಿದ್ವಿ. ಹೀರಾಬಿ ಎತ್ತಿಕೊಟ್ಳು, ಕುಬ್ರಾ ಹಿತ್ತಾಳಿ ಕೊಡ ಬಡದ್ಳು, ಸಿರವಾರದ ಹೆಂಗಸರು ಎರಡನೇ ನುಡಿಗೆ ಕಲತ್ರು, ಮೂರನೇದ್ದಕ್ಕ ನೆಲಕ್ಕ ಉರುಳಿ ನಕ್ರು. ಹಣಮಮ್ಮ ಬಾಗಲವಾಡದ ಹಾಡು ತೆಗದ್ಳು, ಅಯ್ಯಯ್ಯ, ಅದರ ಮುಂದ ನಮ್ಮ ಹಾಡು ಖರೇನ ಭಕ್ತಿ ಹಾಡು! ಹಾಡ್ಕೊಂತ, ನಕ್ಕೊಂತ, ತನ್ನ ಕೈಲೆ ನನ್ನ ಮಗಳ ಉಡಿ ತುಂಬಿದ್ಳು. ತಾಯಮ್ಮ ನಾಚಿ ಕೆಂಪಾಗಿದ್ಳು. ಆ ಹೊತ್ತಿಗೆ ಆಕಿನ್ನ ಯಾರು ಕರೀ ಹುಡುಗಿ ಅಂತಿದ್ರೋ ಕರಕೊಂಡು ಬರ್ರಿ, ನೋಡ್ತೀನಿ. ಒಬ್ಬ ಗಂಡಸಿಲ್ಲದ ನಿಶ್ಚಯ ಮುಗದು ಹೋತು.

ಗಂಡಸರಿಗೆ ಸುದ್ದಿ ಹೇಳೋಣಂತ ಅಗಳಿ ತೆಗದೆ. ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದ ಗದ್ದೆಪ್ಪ ಧಪ್ಪಂತ ಒಳಗ ಬಂದು ತಾಯಿ ಕಾಲಾಗ ಬಿದ್ರು.

"ಕಾಲಿಗೆ ಬೀಳೋದು ಆಮ್ಯಾಲ. ಮೊದ್ಲ ಬೀಗರ ಬಾಯಿಗೆ ಸಕ್ಕರಿ ಹಾಕು" ಅಂದ್ಳು ಹಣಮಮ್ಮ.

ಗದ್ದೆಪ್ಪ ಮೈ ಝಾಡಿಸ್ಕೊಂಡು ಎದ್ರು. ತಟ್ಟಿಯಿಂದ ಸಕ್ಕರಿ ತೊಗೊಂಡ್ರು. ಎಲ್ಲಾರ ಮುಂದ ನಮ್ಮವರ ಬಾಯಿಗೆ ಹಾಕಿದ್ರು. ಹಾಕಿ, ಹೆಗಲ ಮ್ಯಾಲ ಕೈ ಇಟ್ಟು, ಕಿವಿ ಹತ್ರ ಬಗ್ಗಿ, ಯಾರಿಗೂ ಕೇಳಬಾರದಂಗ ಒಂದು ಮಾತು ಕೇಳಿದ್ರು. ನಾ ಬಾಜುಕ ಇದ್ದೆ, ನನಗ ಕೇಳ್ತು.

"ಬೀಗರ, ಆ ಮೂರನೇ ನುಡಿ ನಿಮಗ ಸರಿಯಾಗಿ ಕೇಳಸ್ತೇನ್ರೀ?"